ಶೇಕಡಾ ಒಂದಕ್ಕಿಂತ ಕಡಿಮೆ

2023ರ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಲೈಬ್ರರಿ ಅಟೆಂಡರ್ ಮೊಬೈಲಿನ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದರು. 1.08 ಅಂತಿತ್ತು. ‘ಇನ್ನೊಂದ್ಸಲ ಮಾಡ್ಲಾ ಮೇಡಂ?’ ಎಂದರು. ಮಾಡಿದರು. ಮತ್ತೆ ಅದೇ. ಹದಿನೇಳು ದಿನದಿಂದ ನಾವಿಬ್ಬರೂ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಸ್ಟಾಕ್ ವೆರಿಫಿಕೇಶನ್ ಮಾಡುತ್ತಿದ್ದೆವು. ಅವರು ರ‍್ಯಾಕಿನಿಂದ ಪುಸ್ತಕ ಎಳೆದು ನಂಬರ್ ಕೂಗುವುದು, ನಾನು ಅಕ್ಸೆಷನ್ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು. ಫ್ಯಾನ್ ಹಾಕಿದರೆ ಚೀಟಿಗಳು ಹಾರುತ್ತವೆ, ಆರಿಸಿದರೆ ಸೆಖೆ ತಡೆಯೋದಿಲ್ಲ. ಕಾಲೇಜಿಗೆ ರಜೆ, ಮೇಷ್ಟ್ರುಗಳಿಗೆ ರಜೆ, ಲೈಬ್ರರಿಯವರಿಗೆ ಮಾತ್ರ ಇಲ್ಲ. (ಈ ವಿಷಯ ಶುರು ಮಾಡಿದರೆ ಬೇರೆಯೇ ಲೇಖನ ಆಗುತ್ತೆ, ಬಿಡಿ.) ಒಟ್ಟು 18,240 ಪುಸ್ತಕ. ಟಿಕ್ ಬೀಳದೆ ಉಳಿದದ್ದು 197.

ಬೇರೆ ಯಾವ ವರ್ಷ ಆಗಿದ್ದರೂ ನಾನು ಆ 197ನ್ನು ನೋಡಿ ಒಂದು ನಿಟ್ಟುಸಿರು ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದೆ. ಆದರೆ ಅದು ನನ್ನ ಪದೋನ್ನತಿ ಫೈಲಿನ ವರ್ಷ. ವೇತನದ ಲೆವೆಲ್ 11ರಿಂದ 12ಕ್ಕೆ. ಫೈಲಿನ ಒಂದು ಸಾಲಿನಲ್ಲಿ ಈ ಸಂಖ್ಯೆಯನ್ನು ಬರೆಯಬೇಕಿತ್ತು. ಅದು ಶೇಕಡಾ ಒಂದಕ್ಕಿಂತ ಕಡಿಮೆ ಇದ್ದರೆ ನಾನು ‘ತೃಪ್ತಿಕರ’. ಒಂದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲ.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ಅದನ್ನು ಇಲ್ಲಿ ಬಿಡಿಸಿ ನೋಡೋಣ ಅಂತ ಕೂತಿದ್ದೇನೆ.

ಐದು ಸಾಲಿನ ಕೋಷ್ಟಕ

ಪದವಿ ಕಾಲೇಜುಗಳಲ್ಲಿ ಇರುವವರಿಗೆ ಸಿಎಎಸ್ ಫೈಲ್, ಅಂದರೆ ಈ ಪದೋನ್ನತಿ ಯೋಜನೆಯ ಫೈಲ್, ಏನು ಅಂತ ಹೇಳಬೇಕಾಗಿಲ್ಲ. ನೇಮಕಾತಿ ಆದೇಶದಿಂದ ಹಿಡಿದು ಇಲ್ಲಿಯವರೆಗಿನ ಎಲ್ಲ ಕಾಗದ, ಎಲ್ಲದರ ಝೆರಾಕ್ಸ್, ಎಲ್ಲ ಝೆರಾಕ್ಸಿನ ಮೇಲೆ ಪ್ರಾಂಶುಪಾಲರ ಸಹಿ ಮತ್ತು ಸೀಲು, ಮೂರು ಸೆಟ್. ರಿಫ್ರೆಶರ್ ಕೋರ್ಸಿನ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಎಸ್.ಆರ್. (ಸೇವಾ ದಾಖಲೆ) ಪುಸ್ತಕದಲ್ಲಿ ಹೆಸರಿನ ಹಿಂದೆ ಇದ್ದರೆ ಅದಕ್ಕೊಂದು ಅಫಿಡವಿಟ್. ನನ್ನದು ಹಾಗೇ ಆಗಿತ್ತು. ಇದೆಲ್ಲ ಎಲ್ಲರಿಗೂ ಇರುವ ಕಷ್ಟ, ಅದರ ಬಗ್ಗೆ ನನಗೆ ದೂರಿಲ್ಲ.

ಗ್ರಂಥಪಾಲಕರಿಗೆ ಮಾತ್ರ ಬೇರೆ ಇರುವುದು ಕೇಂದ್ರದ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮಾವಳಿಯ ಎರಡನೇ ಅನುಬಂಧದಲ್ಲಿರುವ ನಾಲ್ಕನೇ ಕೋಷ್ಟಕ. ಅದರಲ್ಲಿ ಐದೇ ಸಾಲು. ಒಂದು, ಹಾಜರಿ. 90 ಶೇಕಡಾ ಮತ್ತು ಮೇಲೆ ಇದ್ದರೆ ‘ಉತ್ತಮ’. ಎರಡು, ಸೆಮಿನಾರು ಕಾರ್ಯಾಗಾರ ನಡೆಸಿದ್ದು. ಮೂರು, ಪುಸ್ತಕಗಳೆಲ್ಲ ಕಂಪ್ಯೂಟರಿಗೆ ಹತ್ತಿವೆಯಾ ಅಂತ. ಇಲ್ಲಿ ನೂರಕ್ಕೆ ನೂರು ಇದ್ದರೆ ಉತ್ತಮ, 99 ಇದ್ದರೆ ತೃಪ್ತಿಕರ. ನಾಲ್ಕು, ದಾಸ್ತಾನು ತಪಾಸಣೆ ಮತ್ತು ಕಾಣೆಯಾದ ಪುಸ್ತಕ. 0.5ಕ್ಕಿಂತ ಕಡಿಮೆ ಉತ್ತಮ, 1ಕ್ಕಿಂತ ಕಡಿಮೆ ತೃಪ್ತಿಕರ. ಐದು, ಉಳಿದ ಎಲ್ಲ. ಅಡ್ಮಿಷನ್ ಕೆಲಸ, ಪರೀಕ್ಷೆ ಕೆಲಸ, ಪ್ರಬಂಧ ಪ್ರಕಟಣೆ ಹೀಗೆ.

ಎಲ್ಲದರಲ್ಲೂ ಪಾಸಾಗಬೇಕು ಅಂತಿಲ್ಲ. ಹಾಜರಿ ಸರಿ ಇರಬೇಕು, ಉಳಿದವುಗಳಲ್ಲಿ ಯಾವುದಾದರೂ ಎರಡು ಸಾಕು. ಆದರೆ ಆ ಎರಡರಲ್ಲಿ ನಾಲ್ಕನೆಯದು ಇರಲೇಬೇಕು. ನೀವು ರಾಷ್ಟ್ರೀಯ ಸೆಮಿನಾರು ಮಾಡಿ, ಪೂರ್ತಿ ಕ್ಯಾಟಲಾಗನ್ನು ಕಂಪ್ಯೂಟರಿಗೆ ಹಾಕಿ, ಹತ್ತು ಪ್ರಬಂಧ ಬರೆಯಿರಿ. ನೂರಕ್ಕೆ ಒಂದು ಪುಸ್ತಕ ಕಾಣೆಯಾಗಿದ್ದರೆ ಅಲ್ಲಿಗೆ ಮುಗಿಯಿತು.

ನಾನು ಆ ಕೋಷ್ಟಕವನ್ನು ಎಷ್ಟು ಸಲ ಓದಿದ್ದೇನೋ. ಐದು ಸಾಲಿನಲ್ಲಿ ಎಲ್ಲೂ ಒಂದು ಪ್ರಶ್ನೆ ಇಲ್ಲ: ಈ ವರ್ಷ ನಿಮ್ಮ ಲೈಬ್ರರಿಯಿಂದ ಎಷ್ಟು ಪುಸ್ತಕ ಹೊರಗೆ ಹೋಗಿ ಓದಿಸಿಕೊಂಡು ಬಂದವು? ಇದನ್ನು ಕೇಳುವುದೇ ಇಲ್ಲ.

ಬೀಗದ ಕೈ ಗೊಂಚಲು

2010ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಹಿಂದಿನ ಗ್ರಂಥಪಾಲಕರು ನನಗೆ ಚಾರ್ಜ್ ಕೊಟ್ಟರು. ಆ ದಿನ ಚೆನ್ನಾಗಿ ನೆನಪಿದೆ. ತಿಳಿ ನೀಲಿ ಸಫಾರಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು ಒಂದು ನೀಲಿ. ಮೇಜಿನ ಮೇಲೆ ಒಂದು ಗೊಂಚಲು ಬೀಗದ ಕೈ ಇಟ್ಟರು. ಒಟ್ಟು 41. ಪ್ರತಿಯೊಂದಕ್ಕೂ ರಟ್ಟಿನ ಚೀಟಿ, ಚೀಟಿಯ ಮೇಲೆ ಬೀರುವಿನ ನಂಬರ್. ಗಾಜಿನ ಬಾಗಿಲಿನ ಬೀರುಗಳು. ಹುಡುಗರು ಗಾಜಿನಾಚೆಯಿಂದ ಬೆನ್ನುಪಟ್ಟಿ ಓದಿ, ಚೀಟಿ ಬರೆದು ಕೊಡಬೇಕು. ಅಟೆಂಡರ್ ಹೋಗಿ ತರುತ್ತಾರೆ. ಬೆಳಿಗ್ಗೆ ಕೊಟ್ಟ ಚೀಟಿಗೆ ಮಧ್ಯಾಹ್ನ ಮೂರಕ್ಕೆ ಪುಸ್ತಕ.

‘ನೋಡಮ್ಮ, ಇಪ್ಪತ್ತೊಂಬತ್ತು ವರ್ಷ ಸರ್ವಿಸ್. ಕಳೆದದ್ದು ಹನ್ನೊಂದು ಪುಸ್ತಕ. ಅದರ ದುಡ್ಡೂ ನಾನೇ ಕಟ್ಟಿದೀನಿ’ ಎಂದು ರಸೀದಿ ತೋರಿಸಿದರು. ಹೆಮ್ಮೆಯಿಂದಲೇ ಹೇಳಿದರು, ಆದರೆ ದನಿಯಲ್ಲಿ ಬೇರೆ ಏನೋ ಇತ್ತು. ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಸಿಗದಿದ್ದರೆ ಪಿಂಚಣಿ ಫೈಲ್ ಮುಂದೆ ಹೋಗುವುದಿಲ್ಲ ಎಂಬ ಭಯದಲ್ಲಿ ಕೊನೆಯ ಎರಡು ವರ್ಷ ಅವರು ಹೊಸ ಪುಸ್ತಕ ತರಿಸುವುದನ್ನೇ ನಿಲ್ಲಿಸಿದ್ದರಂತೆ. ತರಿಸಿದರೆ ತಾನೇ ಕಳೆಯುವುದು. ಹೊರಡುವಾಗ, ‘ಬೀಗ ಮಾತ್ರ ತೆಗೀಬೇಡ’ ಅಂದರು.

ನನಗಾಗ ಇಪ್ಪತ್ತೇಳು. ಎಂ.ಲಿಬ್.ನಲ್ಲಿ, ಅಂದರೆ ಲೈಬ್ರರಿ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಪಂಚಸೂತ್ರ ಬಾಯಿಪಾಠ ಮಾಡಿ ಬಂದವಳು. ಪುಸ್ತಕಗಳಿರುವುದು ಬಳಕೆಗಾಗಿ, ಇದು 1931ರಲ್ಲಿ ಅವರು ಬರೆದ ಮೊದಲ ಸೂತ್ರ. ಹಳೆಯ ಕಾಲದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಕಟ್ಟಿಡುತ್ತಿದ್ದ ಕಥೆಯನ್ನೂ ಅವರು ಹೇಳುತ್ತಾರೆ. ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದರು, 1962ರಲ್ಲಿ ಅಲ್ಲಿಯೇ ಲೈಬ್ರರಿಯವರ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಶುರು ಮಾಡಿದರು. ಹಾಗಾಗಿ ಕರ್ನಾಟಕದ ಲೈಬ್ರರಿಯವರಿಗೆ ಅವರು ನಮ್ಮ ಮನೆಯವರೇ ಅನ್ನುವ ಸಲಿಗೆ. ಪ್ರತಿ ಆಗಸ್ಟ್ 12ಕ್ಕೆ, ಅವರ ಜನ್ಮದಿನ ಅಂತ, ಫೋಟೋಗೆ ಹಾರ ಹಾಕಿ, ಸಿಹಿ ಹಂಚುತ್ತೇವೆ. ನಮ್ಮಲ್ಲಿ ಆ ಫೋಟೋ ಇದ್ದದ್ದು ಒಂಬತ್ತನೇ ನಂಬರ್ ಬೀರುವಿನ ಮೇಲೆ. ಬೀರುವಿಗೆ ಬೀಗ.

2014ರಲ್ಲಿ ಬೀಗ ತೆಗೆದೆ. ಕ್ರಾಂತಿ ಅಂತೇನೂ ಅಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿತ್ತು, ಓಪನ್ ಆಕ್ಸೆಸ್ (ಓದುಗರೇ ಒಳಗೆ ಬಂದು ಪುಸ್ತಕ ತೆಗೆದುಕೊಳ್ಳುವುದು) ಇದ್ದರೆ ಚೆನ್ನಾಗಿ ಕಾಣುತ್ತೆ ಅಂದರೆ ಪ್ರಾಂಶುಪಾಲರು ಒಪ್ಪುತ್ತಾರೆ ಅಂತ ಗೊತ್ತಿತ್ತು. ಗಾಜಿನ ಬಾಗಿಲುಗಳನ್ನು ಬಿಚ್ಚಿಸಿ ಹೊಸ ರ‍್ಯಾಕ್ ಹಾಕಿಸಿದೆ. ಮೊದಲ ವಾರ ಯಾರೂ ಒಳಗೆ ಬರಲಿಲ್ಲ. ಹುಡುಗಿಯರು ಗೆರೆಯಾಚೆ ನಿಂತು, ‘ಮಿಸ್, ಒಳಗೆ ಬರಬಹುದಾ?’ ಅಂತ ಕೇಳುತ್ತಿದ್ದರು. ಎರಡನೇ ವಾರ ಒಬ್ಬಳು ಬಂದಳು. ಯಾವುದೋ ಕಾದಂಬರಿ ತೆಗೆದು ರ‍್ಯಾಕಿಗೆ ಒರಗಿ ನಿಂತು ಓದತೊಡಗಿದಳು. ಬೆಲ್ ಹೊಡೆದರೂ ತಲೆ ಎತ್ತಲಿಲ್ಲ. ಮೊದಲು ವರ್ಷಕ್ಕೆ ಎರಡು ಸಾವಿರ ಇದ್ದ ಇಶ್ಯೂ ಮೂರನೇ ವರ್ಷದಲ್ಲಿ ಒಂಬತ್ತು ಸಾವಿರ ಮುಟ್ಟಿತು. ಮತ್ತೆ, ಪುಸ್ತಕಗಳು ಕಾಣೆಯಾಗತೊಡಗಿದವು.

ಏನು ಕಳೆಯುತ್ತೆ, ಏನು ಕಳೆಯೋದಿಲ್ಲ

ಆ 197ರ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ. ಅರ್ಧಕ್ಕಿಂತ ಜಾಸ್ತಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಎಫ್‌ಡಿಎ, ಪಿಎಸ್‌ಐ, ಟಿಇಟಿ. ಆಮೇಲೆ ಕನ್ನಡ ಕಾದಂಬರಿ, ಅದರಲ್ಲೂ ಪತ್ತೇದಾರಿ. ಬಿ.ಕಾಂ. ಅಕೌಂಟೆನ್ಸಿಯ ದಪ್ಪ ಪುಸ್ತಕ, ಅಂಗಡಿಯಲ್ಲಿ ಏಳುನೂರು ರೂಪಾಯಿ ಇರುವಂಥವು. ಇಂಗ್ಲಿಷ್ ಮಾತಾಡುವುದು ಹೇಗೆ ಅನ್ನುವ ಪುಸ್ತಕದ ನಾಲ್ಕೂ ಪ್ರತಿ. ಅಡುಗೆ ಪುಸ್ತಕ ಒಂದು.

ಒಂದೂ ಕಳೆಯದ ರ‍್ಯಾಕುಗಳೂ ಇವೆ. ಯಾವಾಗಲೋ ಗ್ರಾಂಟ್ ಮುಗಿಸಲು ಮಾರ್ಚ್ ಕೊನೆಯಲ್ಲಿ ಖರೀದಿಸಿದ ಅರ್ಥಶಾಸ್ತ್ರದ ಸಂಪುಟಗಳು. ಯಾರೋ ನಿವೃತ್ತರು ದಾನ ಕೊಟ್ಟ, ಪುಟ ಬಿಡಿಸದ ಅಭಿನಂದನಾ ಗ್ರಂಥಗಳು. ಇವುಗಳಿಗೆ ಕಾವಲೇ ಬೇಡ. ಹದಿಮೂರು ವರ್ಷದಲ್ಲಿ ಅವನ್ನು ಮುಟ್ಟಿದ್ದು ನಾನು, ನಮ್ಮ ಅಟೆಂಡರ್ ಮತ್ತು ಗೆದ್ದಲು. ನಮ್ಮ ಲೈಬ್ರರಿಯಲ್ಲಿ ಏನು ಓದುತ್ತಾರೆ ಅಂತ ಯಾರಾದರೂ ಪ್ರಾಮಾಣಿಕವಾಗಿ ಕೇಳಿದರೆ ನಾನು ತೋರಿಸುವುದು ಇಶ್ಯೂ ರಿಜಿಸ್ಟರನ್ನಲ್ಲ, ಕಾಣೆಯಾದವುಗಳ ಪಟ್ಟಿಯನ್ನು.

ಕಳ್ಳತನವನ್ನು ನಾನು ಹೊಗಳುತ್ತಿಲ್ಲ. ಟಿಇಟಿ ಪುಸ್ತಕ ಒಬ್ಬ ಎತ್ತಿಕೊಂಡು ಹೋದರೆ ಇನ್ನು ಇಪ್ಪತ್ತು ಜನಕ್ಕೆ ಅದು ಇಲ್ಲ. ಒಂದು ಸಲ ಒಬ್ಬ ಹುಡುಗನ ಅಂಗಿಯೊಳಗಿನಿಂದ ಪುಸ್ತಕ ಜಾರಿ ನನ್ನ ಕೌಂಟರ್ ಮುಂದೆಯೇ ಬಿತ್ತು. ನಾನು ಬಯ್ದದ್ದು ಕಾರಿಡಾರಿನ ತುದಿಯವರೆಗೂ ಕೇಳಿಸಿತ್ತಂತೆ. ಆದರೆ ಎಷ್ಟು ಕಳೆದರೆ ಸಹಜ ಅನ್ನುವ ಲೆಕ್ಕ ಸರ್ಕಾರದ ಹತ್ತಿರವೇ ಇದೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರದ್ದು, ನಿಯಮ 215. ವರ್ಷದಲ್ಲಿ ಇಶ್ಯೂ ಆದ ಅಥವಾ ಓದುಗರು ತೆಗೆದು ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಮತ್ತು ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು.

ವ್ಯತ್ಯಾಸ ಗಮನಿಸಿದಿರಾ? ಹಣಕಾಸಿನವರು ಭಾಗಿಸುವುದು ಓದಿದ ಪುಸ್ತಕಗಳಿಂದ. ಜಾಸ್ತಿ ಓದಿಸಿದರೆ ಜಾಸ್ತಿ ಕಳೆಯಬಹುದು ಅಂತ ಅವರಿಗೆ ಗೊತ್ತಿದೆ. ಆ ಲೆಕ್ಕದಲ್ಲಿ ನನ್ನ ಒಂಬತ್ತು ಸಾವಿರಕ್ಕೆ ವರ್ಷಕ್ಕೆ 45 ಮಾಫಿ. ಬೀಗ ತೆಗೆದ ಒಂಬತ್ತು ವರ್ಷದಲ್ಲಿ ಒಟ್ಟು ಕಳೆದದ್ದೇ 197. ಶಿಕ್ಷಣದವರ ಕೋಷ್ಟಕದಲ್ಲಿ ಬರೀ ಶೇಕಡಾ ಅಂತಿದೆ, ಯಾವುದರ ಶೇಕಡಾ, ಒಂದು ವರ್ಷದ್ದಾ ಎಲ್ಲ ವರ್ಷದ್ದಾ ಅಂತ ಬಿಡಿಸಿ ಹೇಳಿಲ್ಲ. ಹೇಳದೇ ಇದ್ದಾಗ ನಮ್ಮ ಕಡೆ ಕಷ್ಟದ ಅರ್ಥವನ್ನೇ ಹಿಡಿಯುವುದು ರೂಢಿ. ಕಚೇರಿಯವರು ಒಟ್ಟು ಕಾಣೆಯಾದದ್ದನ್ನು ಒಟ್ಟು ಸಂಗ್ರಹದಿಂದ ಭಾಗಿಸಿ ಎಂದರು. ನಾನು ನಿಯಮ 215ರ ಪ್ರಿಂಟ್ ತೆಗೆದುಕೊಂಡು ಹೋದರೆ, ‘ಅದು ಸೆಂಟ್ರಲ್‌ದು ಮೇಡಂ, ನಮ್ಗಲ್ಲ’ ಎಂದರು. ಯುಜಿಸಿ ಎಲ್ಲಿಯದೋ.

ಹದಿನೈದು ಪುಸ್ತಕ

ಹಾಗಾಗಿ ಲೆಕ್ಕ ಸರಳ ಆಯಿತು. 18,240ರ ಶೇಕಡಾ ಒಂದು ಅಂದರೆ 182 ಚಿಲ್ಲರೆ. ನನಗೆ ಬೇಕಿದ್ದದ್ದು ಹದಿನೈದು ಪುಸ್ತಕ.

ಸಲಹೆ ಕೊಡುವವರಿಗೆ ಬರ ಇರಲಿಲ್ಲ. ಬೇರೆ ಕಾಲೇಜಿನ ಒಬ್ಬರು ಹೇಳಿದ್ದು ತುಂಬ ಸುಲಭ. ಬೆಂಗಳೂರಿಗೆ ಹೋಗಿ ಅವೆನ್ಯೂ ರೋಡಿನಲ್ಲಿ ಇಪ್ಪತ್ತು ಹಳೇ ಪುಸ್ತಕ ತಗೊಳ್ಳಿ, ಕಳೆದುಹೋದವುಗಳ ನಂಬರ್ ಬರೆದು ಸೀಲ್ ಒತ್ತಿ, ಅಷ್ಟೇ. ಟೈಟಲ್ ಬೇರೆ ಇರುತ್ತಲ್ಲ ಅಂದೆ. ‘ಟೈಟಲ್ ಯಾರ್ ನೋಡ್ತಾರೆ?’ ನಾನು ಮಾಡಲಿಲ್ಲ. ಅದೇನು ದೊಡ್ಡ ಪ್ರಾಮಾಣಿಕತೆ ಅಂತ ಹೇಳಿಕೊಳ್ಳುವುದಿಲ್ಲ. ಒಂದು ರಾತ್ರಿ ಪೂರ್ತಿ ಅದರ ಬಗ್ಗೆ ಯೋಚಿಸಿದ್ದೆ. ಬೆಳಿಗ್ಗೆ ಎದ್ದು ಬಸ್ಸಿನ ಟೈಮನ್ನೂ ನೋಡಿದ್ದೆ. ಆಮೇಲೆ ನನಗೊಂದು ಬೇರೆ ದಾರಿ ಹೊಳೆಯಿತು: ಸ್ಟಾಫ್.

ಕಾಣೆಯಾದ ಪುಸ್ತಕ ಅಂದ ತಕ್ಷಣ ಎಲ್ಲರೂ ನೋಡುವುದು ಹುಡುಗರ ಕಡೆ. ಮೇಷ್ಟ್ರುಗಳು ‘ಈಗ್ಲೇ ತಂದ್ಬಿಡ್ತೀನಿ’ ಎಂದು ಬರೆಸದೆ ಒಯ್ದದ್ದಕ್ಕೆ ಲೆಕ್ಕವೇ ಇಲ್ಲ. ಜೂನ್ ಮೊದಲ ವಾರ ಪಟ್ಟಿ ಹಿಡಿದು ಒಂದೊಂದೇ ವಿಭಾಗಕ್ಕೆ ಹೋದೆ. ಒಂದು ವಿಭಾಗದ ಹಿರಿಯರು, ‘ನನ್ನ ಹತ್ರ ನಿಮ್ಮ ಒಂದು ಪುಸ್ತಕಾನೂ ಇಲ್ಲಮ್ಮ, ನಾನು ಓದೋದೇ ಬಿಟ್ಟಿದೀನಿ’ ಎಂದರು. ಅವರ ಊಟದ ಡಬ್ಬಿ ಒಂದು ದಪ್ಪ ಪುಸ್ತಕದ ಮೇಲೆ ಕೂತಿತ್ತು. ಬಿಸಿ ತಾಗಿ ಮೇಜಿನ ಪಾಲಿಶ್ ಹೋಗಬಾರದಲ್ಲ. ಬೆನ್ನ ಮೇಲೆ ನನ್ನದೇ ಕೈಬರಹದ ಕಾಲ್ ನಂಬರ್. ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಅವರೂ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಡಬ್ಬಿ ಎತ್ತಿ ಪುಸ್ತಕವನ್ನು ಕರ್ಚೀಫಿನಿಂದ ಒರೆಸಿ ಕೊಟ್ಟರು. ರಟ್ಟಿನ ಮೇಲೆ ಸಾರಿನ ಉಂಗುರ. ‘ಇನ್ನೂ ಒಂದೆರಡು ಇರಬಹುದು ನೋಡಿ’ ಎಂದು ಬೀರು ತೆಗೆದರು. ಅಲ್ಲಿ ಐದಿದ್ದವು. ಎಲ್ಲ ವಿಭಾಗ ಸೇರಿ ಒಂಬತ್ತು ಸಿಕ್ಕವು.

ಆರು ಪುಸ್ತಕ ಸಿಕ್ಕಿದ್ದು ಬೈಂಡರ್ ಹತ್ತಿರ. 2019ರಲ್ಲಿ ಕಳಿಸಿದ ಒಂದು ಮೂಟೆಯಲ್ಲಿ ಕೆಲವು ಉಳಿದಿದ್ದವು. ನಡುವೆ ಕೊರೊನಾ ಬಂತು, ಅವರೂ ಮರೆತರು, ನಾವೂ ಮರೆತೆವು. ಅಂಗಡಿಯ ಅಟ್ಟದಿಂದ ಮದುವೆ ಕಾರ್ಡಿನ ಕಟ್ಟುಗಳ ಹಿಂದಿನಿಂದ ಇಳಿಸಿ ಕೊಟ್ಟರು. ಬೈಂಡ್ ಆಗಿರಲಿಲ್ಲ, ಅದು ಬೇರೆ ಮಾತು. ಇನ್ನೆರಡು ರ‍್ಯಾಕಿನ ಹಿಂದೆ ಬಿದ್ದು ಗೋಡೆಗೆ ಅಂಟಿಕೊಂಡಿದ್ದವು. ಒಟ್ಟು ಹದಿನೇಳು. ಉಳಿದದ್ದು 180. ನಮ್ಮ ಅಟೆಂಡರ್ ಮತ್ತೆ ಮೊಬೈಲ್ ತಿರುಗಿಸಿದರು: 0.98 ಚಿಲ್ಲರೆ. ‘ಪಾಸ್ ಮೇಡಂ!’ ಎಂದು ಅವರಿಗೇ ಪ್ರಮೋಷನ್ ಆದಷ್ಟು ಖುಷಿಪಟ್ಟರು. ಅವರಿಗೆ ಹದಿನಾರು ವರ್ಷದಿಂದ ಯಾವ ಪ್ರಮೋಷನ್ನೂ ಆಗಿಲ್ಲ, ಅಂಥ ಕೋಷ್ಟಕವೂ ಅವರಿಗಿಲ್ಲ.

ಅದೇ ತಿಂಗಳು ನನ್ನ ಎಂ.ಲಿಬ್. ಗೆಳತಿಯ ಜೊತೆ ಮಾತಾಡಿದೆ. ಅವಳು ಅಮೆರಿಕದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದ್ದಾಳೆ. ಅಲ್ಲಿ ಎಲ್ಲ ಕಡೆ ಅಲ್ಲದಿದ್ದರೂ ಕೆಲವು ಕಡೆ ಗ್ರಂಥಪಾಲಕರಿಗೂ ಪ್ರೊಫೆಸರುಗಳ ಹಾಗೆ ಟೆನ್ಯೂರ್, ಅಂದರೆ ಕಾಯಂ ನೌಕರಿ, ಇದೆ. ಅವಳೂ ಆ ವರ್ಷ ತನ್ನ ಫೈಲ್ ಕಟ್ಟುತ್ತಿದ್ದಳು, ಅವರು ಡಾಸಿಯರ್ ಅನ್ನುತ್ತಾರೆ. ತಾನು ಏನು ಮಾಡಿದೆ, ಯಾಕೆ ಮಾಡಿದೆ, ಅದರಿಂದ ಏನಾಯಿತು ಅಂತ ತನ್ನ ಮಾತಿನಲ್ಲಿ ಪುಟಗಟ್ಟಲೆ ಬರೆಯಬೇಕು. ಬೇರೆ ವಿಶ್ವವಿದ್ಯಾಲಯದ, ಇವಳ ಆಪ್ತರಲ್ಲದ ಹಿರಿಯರು ಅದನ್ನು ಓದಿ ಪತ್ರ ಬರೆಯುತ್ತಾರೆ. ಅದರಲ್ಲಿ ಏನಿದೆ ಅಂತ ಇವಳಿಗೆ ಗೊತ್ತಾಗುವುದಿಲ್ಲ. ಟೆನ್ಯೂರ್ ಸಿಗದಿದ್ದರೆ ಕೆಲಸವೇ ಹೋಗುತ್ತೆ. ಆರು ವರ್ಷದಿಂದ ನಿದ್ದೆ ಇಲ್ಲ ಅಂದಳು. ನಿಮ್ಮಲ್ಲಿ ಕಳೆದ ಪುಸ್ತಕದ ಲೆಕ್ಕ ಕೇಳಲ್ವಾ ಅಂದೆ. ಜೋರಾಗಿ ನಕ್ಕಳು. ನಗುವುದು ನಿಲ್ಲಿಸಿ, ‘ಅಯ್ಯೋ, ಲೆಕ್ಕ ಕೇಳಿದ್ರೆ ಚೆನ್ನಾಗಿತ್ತು ಕಣೆ. ಎಣಿಸಿ ಕೊಟ್ಟು ಮನೆಗೆ ಹೋಗಬಹುದಿತ್ತು’ ಅಂದಳು. ನನಗೋ ಅವಳ ಆ ಪುಟಗಟ್ಟಲೆಯ ಮೇಲೆ ಆಸೆ. ಬೀಗ ಯಾಕೆ ತೆಗೆದೆ ಅಂತ ಬರೆಯಲು ನನ್ನ ಫೈಲಿನಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಕೌಂಟರ್ ಹಿಂದಿನ ರ‍್ಯಾಕ್

ಇಲ್ಲಿಯವರೆಗೆ ಹೇಳಿದ್ದರಲ್ಲಿ ನಾನು ಒಳ್ಳೆಯವಳಾಗಿಯೇ ಕಾಣುತ್ತೇನೆ. ಇನ್ನೊಂದು ವಿಷಯ ಉಳಿದಿದೆ.

ಲೆಕ್ಕ 180ಕ್ಕೆ ಬಂದ ಮರುದಿನ ನಾನು ಸ್ಪರ್ಧಾತ್ಮಕ ಪರೀಕ್ಷೆಯ ಪೂರ್ತಿ ರ‍್ಯಾಕನ್ನು ಎಳೆಸಿ ನನ್ನ ಕೌಂಟರ್ ಹಿಂದೆ ಇಡಿಸಿದೆ. ಪದೋನ್ನತಿ ಕಮಿಟಿ ಕೂರುವವರೆಗೆ ಇನ್ನು ಮೂರು ಪುಸ್ತಕ ಹೋದರೂ ಕಥೆ ಮುಗಿಯುತ್ತಿತ್ತಲ್ಲ. ಬೀಗ ಹಾಕಲಿಲ್ಲ, ಬೀಗ ಬೇಕಾಗಿಯೇ ಇರಲಿಲ್ಲ, ನಾನೇ ಇದ್ದೆ. ಬೇಕಾದವರು ಕೇಳಿ ತಗೊಳ್ಳಿ ಅಂತ ಬೋರ್ಡ್ ಬರೆದೆ. ಕೇಳುವುದು ಅಂದರೆ ಎಷ್ಟು ಕಷ್ಟ ಅಂತ ನನಗೆ ಗೊತ್ತಿತ್ತು. 2014ರಲ್ಲಿ ಗೆರೆಯಾಚೆ ನಿಂತಿದ್ದ ಹುಡುಗಿಯರನ್ನು ನೋಡಿದವಳು ನಾನೇ ಅಲ್ಲವೇ? ಫೈನಲ್ ಬಿ.ಎ.ಯ ಒಬ್ಬ ಹುಡುಗ ದಿನಾ ಮಧ್ಯಾಹ್ನ ಆ ರ‍್ಯಾಕಿನ ಬುಡದಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದ. ರ‍್ಯಾಕ್ ಹೋದ ಮೇಲೆ ಎರಡು ದಿನ ಬಂದ. ಖಾಲಿ ಜಾಗ ನೋಡಿದ, ಬೋರ್ಡ್ ನೋಡಿದ, ನನ್ನನ್ನು ನೋಡಿದ. ಆಮೇಲೆ ಬರಲಿಲ್ಲ. ಕರೆದು ಹೇಳೋಣ ಅಂದುಕೊಂಡೆ. ಫೈಲಿನ ಕೆಲಸ ಇತ್ತು.

ಸೆಪ್ಟೆಂಬರಿನಲ್ಲಿ ಕಮಿಟಿ ಕೂತಿತು. ವಿಷಯ ತಜ್ಞರಾಗಿ ಬಂದವರು ತಾವೂ ಲೈಬ್ರರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರೇ. ಪುಟ ತಿರುವುತ್ತ ನಾಲ್ಕನೇ ಸಾಲಿನಲ್ಲಿ ನಿಂತರು. ‘ನೂರೆಂಬತ್ತಾ? ಯಾಕಮ್ಮ ಇಷ್ಟು?’ ನಿಯಮ 215, ಇಶ್ಯೂ ಅಂಕಿ, ರಂಗನಾಥನ್, ಎಲ್ಲ ತಯಾರು ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು, ‘ರ‍್ಯಾಕ್ ತೆರೆದಿದೆ ಸರ್’ ಅಷ್ಟೇ. ಅವರು ಕನ್ನಡಕದ ಮೇಲಿಂದ ನೋಡಿ, ‘ಹೂಂ’ ಎಂದು ಟಿಕ್ ಹಾಕಿದರು. ಆ ಹೊತ್ತಿನಲ್ಲಿ ನನ್ನ ಕೌಂಟರ್ ಹಿಂದೆ ಆ ರ‍್ಯಾಕ್ ಇದ್ದೇ ಇತ್ತು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಫೈಲ್ ಮೇಲಿನ ಕಚೇರಿಗೆ ಹೋಯಿತು. ಎರಡು ತಿಂಗಳಾದರೂ ರ‍್ಯಾಕ್ ನನ್ನ ಬೆನ್ನ ಹಿಂದೆಯೇ ಇತ್ತು. ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಅದು ಅಲ್ಲಿದ್ದರೆ ನನಗೆ ನಿರಾಳ ಅನ್ನಿಸುತ್ತಿತ್ತು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ನೀಲಿ ಸಫಾರಿಯವರು ಆಗ ತುಂಬ ನೆನಪಾದರು. ಇಷ್ಟು ವರ್ಷ ಅವರನ್ನು ನಾನು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಇಪ್ಪತ್ತೊಂಬತ್ತು ವರ್ಷ ಅವರಿಗೆ ಏನು ಅನ್ನಿಸಿರಬಹುದು ಅಂತ ನನಗೆ ಗೊತ್ತಾಗಲು ಎರಡು ತಿಂಗಳು ಸಾಕಾಯಿತು. ಡಿಸೆಂಬರಿನಲ್ಲಿ ಒಂದು ದಿನ ನಮ್ಮ ಅಟೆಂಡರೇ, ‘ಮೇಡಂ, ಇದನ್ನ ವಾಪಸ್ ತಳ್ಳಲಾ? ಕಸ ಗುಡ್ಸಕ್ಕೆ ಆಗ್ತಿಲ್ಲ’ ಅಂದರು. ತಳ್ಳಿ ಅಂದೆ.

ಆದೇಶ ಇನ್ನೂ ಬಂದಿಲ್ಲ. ಕೇಸ್ ವರ್ಕರ್ ಬದಲಾಗಿದ್ದಾರಂತೆ. ಈ ಮೇ ತಿಂಗಳು, ಅಂದರೆ 2024ರಲ್ಲಿ, ಯಾರೂ ಕೇಳದಿದ್ದರೂ ಮತ್ತೆ ಎಣಿಸಿದೆವು. ವರ್ಷದಲ್ಲಿ ಸೇರಿದ ಹೊಸ ಪುಸ್ತಕ 310. ಹೊಸದಾಗಿ ಕಾಣೆಯಾದದ್ದು ಹದಿನಾಲ್ಕು, ಅದರಲ್ಲಿ ಹನ್ನೆರಡು ಆ ರ‍್ಯಾಕಿನದ್ದೇ, ಎಲ್ಲವೂ ಡಿಸೆಂಬರ್ ಆದಮೇಲೆ ಹೋದದ್ದು. ಒಟ್ಟು 194. ಕ್ಯಾಲ್ಕುಲೇಟರ್ 1.05 ಅನ್ನುತ್ತಿದೆ. ಈ ಸಲ ಬೈಂಡರ್ ಹತ್ತಿರ ನಮ್ಮದು ಏನೂ ಇಲ್ಲ, ಕೇಳಿ ನೋಡಿದೆ.